ಮುಂಬಯಿ ಫ್ಲ್ಯಾಟಿನ ಹಾಲ್‌ಗೆ ಹೊಸ ಸೌಂಡ್ ಸಿಸ್ಟಮ್: ತರುವ ಮೊದಲು, ತಂದ ಮೇಲೆ

ಸೌಂಡ್ ಸಿಸ್ಟಮ್ ತಗೋಬೇಕು ಅಂತ ಮನಸ್ಸಾದ ಕೂಡಲೇ ಎಲ್ಲರೂ ನೋಡುವುದು ವ್ಯಾಟ್. ಯಾವುದಕ್ಕೆ ಜಾಸ್ತಿ ವ್ಯಾಟ್, ಯಾವುದಕ್ಕೆ ಜಾಸ್ತಿ ಸ್ಪೀಕರ್, ಎಲ್ಲಿ ಆಫರ್ ಇದೆ. ಡೊಂಬಿವಲಿ, ಮುಲುಂಡ್, ಕಾಂದಿವಲಿಯ ಫ್ಲ್ಯಾಟಿನಲ್ಲಿ ಇರುವವರಿಗೆ ಈ ಲೆಕ್ಕ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಹಾಲ್ ಚಿಕ್ಕದು. ಗೋಡೆಯ ಆಚೆ ಒಂದು ಮನೆ, ನೆಲದ ಕೆಳಗೆ ಇನ್ನೊಂದು ಮನೆ. ಇಲ್ಲಿ ಕಿವಿಗೆ ಬೀಳುವ ಶಬ್ದದಲ್ಲಿ ದೊಡ್ಡ ಪಾಲು ಕೋಣೆಯದೇ. ಸಾಧಾರಣ ಸೆಟ್ ತಂದು ಸರಿಯಾಗಿ ಇಟ್ಟವರು, ದುಬಾರಿ ಸೆಟ್ ತಂದು ಜಾಗ ಸಿಕ್ಕಲ್ಲಿ ತುರುಕಿದವರಿಗಿಂತ ಚೆನ್ನಾಗಿ ಕೇಳುತ್ತಾರೆ. ಇದು ನನ್ನ ಖಚಿತ ಅಭಿಪ್ರಾಯ.

ಮೊದಲು ಟೇಪು ಹಿಡಿಯಿರಿ

ಹಾಲ್‌ನ ಉದ್ದ, ಅಗಲ, ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಟೀವಿಯಿಂದ ಸೋಫಾಗೆ ಎಷ್ಟು ದೂರ, ಸೋಫಾ ಹಿಂದೆ ಜಾಗ ಇದೆಯಾ ಇಲ್ಲವಾ, ಪ್ಲಗ್ ಪಾಯಿಂಟ್ ಎಲ್ಲೆಲ್ಲಿ ಇದೆ, ಇದನ್ನೂ ಬರೆಯಿರಿ. ಮುಂಬಯಿಯ ಹೆಚ್ಚಿನ ಮನೆಗಳಲ್ಲಿ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಬೇರೆ ದಾರಿ ಇಲ್ಲ, ಅಲ್ವಾ?

ಈ ಅಳತೆ ಯಾಕೆ ಅಂದರೆ, ಪ್ರತಿ ಕೋಣೆಗೂ ತನ್ನದೇ ಒಂದು ಗುಂಯ್‌ಗುಡುವ ಸ್ವರ ಇರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಯಿಂದ ಗೋಡೆಗಿರುವ ದೂರದ ಎರಡರಷ್ಟರಿಂದ ಭಾಗಿಸಿದರೆ ಆ ಸ್ವರ ಸಿಗುತ್ತದೆ. 12 ಅಡಿ ಉದ್ದಕ್ಕೆ ಸುಮಾರು 47 ಹರ್ಟ್ಜ್, 10 ಅಡಿ ಅಗಲಕ್ಕೆ 56 ಹರ್ಟ್ಜ್. ಸಿನಿಮಾದ ಸ್ಫೋಟ, ಹಾಡಿನ ಬೇಸ್ ಗಿಟಾರ್, ಎಲ್ಲ ಇರುವುದು ಇದೇ ಆಸುಪಾಸಿನಲ್ಲಿ. ಈ ಸ್ವರಗಳು ಗೋಡೆಯ ಹತ್ತಿರ ಉಬ್ಬುತ್ತವೆ, ಕೋಣೆಯ ನಡುವೆ ಸೊರಗುತ್ತವೆ. ಗೋಡೆಗೆ ಅಂಟಿದ ಸೋಫಾದಲ್ಲಿ ಕೂತವರಿಗೆ ಬೇಸ್ ದಪ್ಪ ಕೇಳುವುದು ಇದಕ್ಕೇ. ಸಿನಿಮಾ ನೋಡುವಾಗ ಸೋಫಾವನ್ನು ಒಂದಡಿ ಮುಂದೆ ಎಳೆದು ನೋಡಿ. ಬಿಟ್ಟಿಯಾಗಿ ಸಿಗುವ ಸುಧಾರಣೆ ಅದು.

ಆಮೇಲೆ ಹಾಲ್‌ನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟೈಲ್ಸ್ ನೆಲ, ಗಾಜಿನ ಕಿಟಕಿ, ಖಾಲಿ ಗೋಡೆ ಇದ್ದರೆ ಟ್ರಿಂಗ್ ಅಂತ ಒಂದು ಬಾಲ ಉಳಿಯುತ್ತದೆ. ಅದೇ ಬಾಲ ನಾಳೆ ಡೈಲಾಗಿಗೂ ಅಂಟಿಕೊಳ್ಳುತ್ತದೆ. ಟೀವಿಗೂ ಸೋಫಾಗೂ ನಡುವೆ ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು. ಇಷ್ಟಾದರೆ ಸಾಕಷ್ಟು ಪಳಗುತ್ತದೆ. ಮೊಟ್ಟೆ ಟ್ರೇ ಅಂಟಿಸುವ ಐಡಿಯಾ ಬಿಟ್ಟುಬಿಡಿ, ಅದರಿಂದ ಪಕ್ಕದ ಮನೆಗೆ ಹೋಗುವ ಶಬ್ದ ಕಡಿಮೆಯಾಗುವುದಿಲ್ಲ.

ಸೌಂಡ್‌ಬಾರೋ, 5.1 ಸೆಟ್ಟೋ, ಎರಡೇ ಸ್ಪೀಕರೋ

ಮನೆಯಲ್ಲಿ ನಿಜವಾಗಿ ಏನು ಜಾಸ್ತಿ ನಡೆಯುತ್ತದೆ ಅಂತ ಕೇಳಿಕೊಳ್ಳಿ. ಸಂಜೆ ಹಾಡು, ಭಜನೆ, ಯಕ್ಷಗಾನದ ರೆಕಾರ್ಡಿಂಗ್ ಕೇಳುವ ಮನೆಗೆ ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಮತ್ತು ಒಂದು ಆಂಪ್ಲಿಫೈಯರ್ ಸಾಕು. ಅದೇ ದುಡ್ಡಿನ ಸೌಂಡ್‌ಬಾರ್ ಹಾಡಿಗೆ ಇದರ ಹತ್ತಿರವೂ ಬರುವುದಿಲ್ಲ. ಒಟಿಟಿ ಸಿನಿಮಾ, ಕ್ರಿಕೆಟ್, ಸುದ್ದಿ ಜಾಸ್ತಿ ಇದ್ದರೆ ಬೇರೆ ಸಬ್‌ವೂಫರ್ ಇರುವ 3.1 ಸೌಂಡ್‌ಬಾರ್ ಒಳ್ಳೆಯ ಆಯ್ಕೆ. .1 ಅಂದರೆ ಸಬ್‌ವೂಫರ್, ಬರೀ ಬೇಸ್ (ತಗ್ಗಿನ ಸ್ವರ) ಕೊಡುವ ಡಬ್ಬ. 3 ಅಂದರೆ ಎಡ, ಬಲ, ನಡು. ಆ ನಡುವಿನದೇ ಮುಖ್ಯ. ಸಿನಿಮಾದ ಮಾತು ಬಹುಪಾಲು ಬರುವುದು ಅದರಿಂದಲೇ. ಮನೆಯಲ್ಲಿ ವಯಸ್ಸಾದವರಿದ್ದು "ಏನು ಹೇಳಿದ, ಏನು ಹೇಳಿದ" ಅಂತ ಕೇಳುತ್ತಿದ್ದರೆ ನಡು ಸ್ಪೀಕರ್ ಇಲ್ಲದ 2.1 ಬಾರ್ ತರಬೇಡಿ.

ಪೂರ್ತಿ 5.1 ಸೆಟ್, ಅದಕ್ಕೊಂದು ಎವಿ ರಿಸೀವರ್ (ಎಲ್ಲ ಸ್ಪೀಕರ್ ನಡೆಸುವ ಆಂಪ್ಲಿಫೈಯರ್), ಇದು ಸಿನಿಮಾ ಮತ್ತು ಗೇಮ್ ಎರಡಕ್ಕೂ ರಾಜ. ಆದರೆ ಹಿಂದಿನ ಎರಡು ಸ್ಪೀಕರ್‌ಗೆ ಜಾಗ ಬೇಕು. ಕೂತವರ ಪಕ್ಕದಿಂದ ತುಸು ಹಿಂದಕ್ಕೆ, ಅಂದರೆ ನೇರ ಎದುರಿನಿಂದ 100ರಿಂದ 120 ಡಿಗ್ರಿ ಕೋನದಲ್ಲಿ ಅವು ಇರಬೇಕು. ಸೋಫಾ ಗೋಡೆಗೆ ಅಂಟಿದ್ದರೆ ಪಕ್ಕದ ಗೋಡೆಗಳಲ್ಲಿ, ಕಿವಿಗಿಂತ ಒಂದೆರಡು ಅಡಿ ಮೇಲೆ ಹಾಕಬಹುದು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕಿಚನ್‌ಗೆ ಹೋಗುವ ದಾರಿ ಇದ್ದರೆ? ಆಗ 3.1ಕ್ಕೇ ನಿಲ್ಲಿಸಿ, ಉಳಿದ ದುಡ್ಡನ್ನು ಮುಂದಿನ ಸ್ಪೀಕರ್‌ಗೆ ಹಾಕಿ.

ಅಟ್ಮಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಥಿಯೇಟರಿಗೆ 2012ರಲ್ಲಿ ಬಂತು, ಮನೆಯ ಉಪಕರಣಗಳಿಗೆ 2014ರಲ್ಲಿ. ತಲೆಯ ಮೇಲಿಂದಲೂ ಶಬ್ದ ಬರುವ ವ್ಯವಸ್ಥೆ ಅದು. ಸೌಂಡ್‌ಬಾರ್‌ಗಳು ಮೇಲಕ್ಕೆ ಮುಖಮಾಡಿದ ಸ್ಪೀಕರ್‌ನಿಂದ ಶಬ್ದವನ್ನು ಛಾವಣಿಗೆ ಹೊಡೆದು ಕೆಳಗೆ ಬೀಳಿಸುತ್ತವೆ. ಛಾವಣಿ ಸಪಾಟಾಗಿ, ಗಟ್ಟಿಯಾಗಿ ಇದ್ದರೆ ಇದು ನಡೆಯುತ್ತದೆ. ಮೆಟ್ಟಿಲು ಮೆಟ್ಟಿಲಾದ ಪಿಒಪಿ ಡಿಸೈನು, ನಡುವೆ ತಿರುಗುವ ಫ್ಯಾನು ಇದ್ದರೆ ಅಟ್ಮಾಸ್‌ಗಾಗಿ ಜಾಸ್ತಿ ದುಡ್ಡು ಕೊಡುವ ಮೊದಲು ಎರಡು ಸಲ ಯೋಚಿಸಿ.

ಅಂಗಡಿಯಲ್ಲಿ

ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಾದರೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿಯಿರಿ. ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ವೈರು, ಪ್ಲಗ್ಗು, ಸ್ಟ್ಯಾಂಡು ಅಲ್ಲಿ ಅಗ್ಗ. ರಿಸೀವರ್, ಸೌಂಡ್‌ಬಾರ್‌ನಂಥ ದೊಡ್ಡ ಸಾಮಾನಿಗೆ ಮಾತ್ರ ಜಿಎಸ್‌ಟಿ ಬಿಲ್ಲು ಮತ್ತು ಕಂಪನಿಯ ಭಾರತದ ವಾರಂಟಿ ಎರಡೂ ಇದೆಯಾ ನೋಡಿ. "ಬಿಲ್ ಬೇಡಾಂದ್ರೆ ಇಷ್ಟಕ್ಕೆ ಕೊಡ್ತೀನಿ" ಅಂದರೆ ಸುಮ್ನೆ ಮುಂದೆ ನಡೆಯಿರಿ.

ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಅದಕ್ಕೆ ಅರ್ಥ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್. ಅದರಲ್ಲೂ ಒಂದು ಗುಟ್ಟಿದೆ. 50 ವ್ಯಾಟಿನಿಂದ 100 ವ್ಯಾಟಿಗೆ ಹೋದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 10 ಅಡಿ ಹಾಲ್‌ನಲ್ಲಿ ದಿನಾ ಕೇಳುವ ಮಟ್ಟಕ್ಕೆ ಕೆಲವೇ ವ್ಯಾಟ್ ಖರ್ಚಾಗುತ್ತದೆ.

ನಮ್ಮೂರ ಕಡೆಯವರಲ್ಲಿ ಅರ್ಧ ಮನೆಗೆ ಗಲ್ಫ್‌ನಲ್ಲಿ ಒಬ್ಬ ಭಾವನೋ ಅಣ್ಣನೋ ಇರುತ್ತಾರೆ. ದುಬೈಯಿಂದ ಬಂದ ಸೆಟ್ ಇಲ್ಲಿನ 230 ವೋಲ್ಟ್‌ಗೆ ಸರಿಹೋಗುತ್ತದೆ, ಪ್ಲಗ್ ಮಾತ್ರ ಬದಲಿಸಬೇಕು. ಅಮೆರಿಕದಿಂದ ಬಂದದ್ದನ್ನು ಹಿಂದಿನ ಲೇಬಲ್ ಓದದೆ ಚುಚ್ಚಬೇಡಿ. ಬರೀ 120 ವೋಲ್ಟ್ ಅಂತ ಇದ್ದರೆ ಆ ಕ್ಷಣಕ್ಕೇ ಸುಟ್ಟೀತು.

ಮುಂದಿನ ಸ್ಪೀಕರ್‌ಗಳನ್ನು ಇಡುವುದು

ಎಡ, ಬಲ ಸ್ಪೀಕರ್ ಮತ್ತು ನೀವು, ಮೂರೂ ಸೇರಿ ಸಮಭುಜ ತ್ರಿಕೋನ ಆಗಬೇಕು. ಸ್ಪೀಕರ್‌ಗಳ ನಡುವೆ 6 ಅಡಿ ಇದ್ದರೆ ನೀವೂ ಸುಮಾರು 6 ಅಡಿ ದೂರ. ಒಂದೆರಡು ಅಡಿ ಆಚೀಚೆ ಆದರೆ ತೊಂದರೆ ಇಲ್ಲ. ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಕೂತವರ ಕಿವಿಯ ಎತ್ತರಕ್ಕೆ, ನೆಲದಿಂದ ಸುಮಾರು 3 ಅಡಿ. ಸ್ಪೀಕರ್‌ನ ಮುಖವನ್ನು ತುಸು ಒಳಗೆ ತಿರುಗಿಸಿ.

ಟೀವಿ ಯೂನಿಟ್ಟಿನ ಗೂಡಿನೊಳಗೆ ಸ್ಪೀಕರ್ ಇಡುವವರೇ ಜಾಸ್ತಿ. ಗೂಡಿನಲ್ಲಿ ಶಬ್ದ ಕೊಡದೊಳಗಿಂದ ಮಾತಾಡಿದ ಹಾಗೆ ಬರುತ್ತದೆ. ಬೇರೆ ಜಾಗ ಇಲ್ಲದಿದ್ದರೆ ಸ್ಪೀಕರ್‌ನ ಮುಖ ಗೂಡಿನ ಅಂಚಿಗೆ ಸಮವಾಗಿ ಬರುವಷ್ಟು ಮುಂದೆ ಎಳೆಯಿರಿ. ಸೌಂಡ್‌ಬಾರ್‌ಗೂ ಇದೇ ಮಾತು. ಅದರ ಮುಂದೆ ಗಣಪತಿ, ಫೋಟೋ, ಸೆಟ್‌ಟಾಪ್ ಬಾಕ್ಸ್ ಏನೂ ಬೇಡ.

ಸಬ್‌ವೂಫರ್: ಜಗಳ ಶುರುವಾಗುವ ಜಾಗ

ಕೋಣೆಯಲ್ಲಿ ಸುಖ ಕೊಡುವುದೂ ಅದೇ, ಸೊಸೈಟಿ ಮೀಟಿಂಗಿನಲ್ಲಿ ನಿಮ್ಮ ಹೆಸರು ತರುವುದೂ ಅದೇ. 40 ಹರ್ಟ್ಜ್ ಶಬ್ದದ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಆರಿಂಚಿನ ಗೋಡೆ ಅದಕ್ಕೆ ದೊಡ್ಡ ತಡೆಯೇ ಅಲ್ಲ. ಮೇಲಾಗಿ ಡಬ್ಬದ ಅದುರುವಿಕೆ ನೇರ ಸ್ಲ್ಯಾಬಿಗೆ ಇಳಿಯುತ್ತದೆ. ನಿಮ್ಮ ಮನೆಯಲ್ಲಿ ಡೈಲಾಗ್ ಕೇಳಿಸದಷ್ಟು ಸಣ್ಣಗೆ ಇಟ್ಟಿದ್ದರೂ ಕೆಳಮನೆಯಲ್ಲಿ ದುಂ ದುಂ ಕೇಳುತ್ತದೆ.

ನಮ್ಮ ಬಿಲ್ಡಿಂಗಿನ ಶೆಟ್ಟರ ಮನೆಗೆ ಸಬ್ ಬಂದ ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಮನೆಯ ಕಾಕು ಸಿಕ್ಕರು. ನಗುತ್ತಲೇ ಕೇಳಿದರು, "ಕಾಯ್ ರೇ ಬಾಳಾ, ರಾತ್ರೀ ಭೂಕಂಪ್ ಝಾಲಾ ಕಾ?" (ಏನಪ್ಪಾ, ರಾತ್ರಿ ಭೂಕಂಪ ಆಯ್ತಾ?) ಶೆಟ್ಟರು ಸಂಜೆ ನನ್ನನ್ನು ಕರೆದರು. "ಮಾರಾಯ್ರೆ, ಒಮ್ಮೆ ಬಂದು ನೋಡಿ, ವಾಪಸ್ ಕೊಟ್ಟುಬಿಡುವುದಾ?" ಹೋಗಿ ನೋಡಿದರೆ ಸಬ್ ಮೂಲೆಯಲ್ಲಿ, ಬರೀ ಟೈಲ್ಸ್ ಮೇಲೆ. ಮೂಲೆಯಲ್ಲಿ ಮೂರು ಮೇಲ್ಮೈ ಸೇರುವುದರಿಂದ ಬೇಸ್ ಉಬ್ಬುತ್ತದೆ. ಅದರ ಪಕ್ಕದ ಶೋಕೇಸಿನಲ್ಲಿ ಮಗಳ ಟ್ರೋಫಿಗಳು, ಮುಂದೆ ಸರಿಯುವ ಗಾಜು. ಒಂದು ನಿರ್ದಿಷ್ಟ ಸ್ವರ ಬಂದಾಗಲೆಲ್ಲ ಗಾಜು ಝರ್ರ್ ಅನ್ನುತ್ತಿತ್ತು. ಸ್ಪೀಕರ್ ಒಡೆದಿದೆ ಅಂತಲೇ ಅವರು ತಿಳಿದಿದ್ದರು. ಗಾಜಿನ ಹಳಿಯಲ್ಲಿ ಎರಡು ಕಡೆ ಫೆಲ್ಟ್ ಚೂರು ಸಿಕ್ಕಿಸಿದೆವು, ಸದ್ದು ನಿಂತಿತು.

ಸಬ್‌ಗೆ ಜಾಗ ಹುಡುಕುವ ಹಳೆಯ ಉಪಾಯ ಹೀಗಿದೆ. ಸಬ್ಬನ್ನೇ ಎತ್ತಿ ನೀವು ಕೂರುವ ಸೋಫಾ ಮೇಲಿಡಿ. ಬೇಸ್ ಸ್ವರಗಳು ಏರಿ ಇಳಿಯುವ ಒಂದು ಹಾಡು ಹಾಕಿ. ಗೋಡೆಯ ಉದ್ದಕ್ಕೂ ಅಂಬೆಗಾಲಿಟ್ಟು ಹೋಗಿ, ತಲೆ ತಗ್ಗಿಸಿ ಕೇಳಿ. ಒಂದು ಕಡೆ ಎಲ್ಲ ಸ್ವರ ಉಬ್ಬಿರುತ್ತವೆ, ಇನ್ನೊಂದು ಕಡೆ ಒಂದೆರಡು ಸ್ವರ ಮಾಯ. ಎಲ್ಲ ಸ್ವರವೂ ಹೆಚ್ಚುಕಮ್ಮಿ ಸಮನಾಗಿ ಕೇಳುವ ಜಾಗ ಸಿಕ್ಕಿತೋ, ಸಬ್ ಅಲ್ಲಿಗೆ. ಮಕ್ಕಳಿದ್ದರೆ ಅವರೂ ಹಿಂದೆಯೇ ಅಂಬೆಗಾಲಿಟ್ಟು ಬರುತ್ತಾರೆ, ಬರಲಿ. ಶೆಟ್ಟರ ಮನೆಯಲ್ಲಿ ಅದು ಟೀವಿ ಯೂನಿಟ್ಟಿನ ಎಡಪಕ್ಕ, ಮೂಲೆಯಿಂದ ಮೂರಡಿ ಈಚೆ ಸಿಕ್ಕಿತು. ಕೆಳಗೆ ದಪ್ಪ ರಬ್ಬರ್ ಫೋಮಿನ ಪ್ಯಾಡ್ ಹಾಕಿ, ವಾಲ್ಯೂಮ್ ಒಂದಿಷ್ಟು ಇಳಿಸಿದೆವು. ಈಗ ಕಾಕು ಭೂಕಂಪದ ಮಾತೆತ್ತುವುದಿಲ್ಲ, ಯಾವ ಸಿನಿಮಾ ಅಂತ ಮಾತ್ರ ಕೇಳುತ್ತಾರೆ.

ಕಾನೂನೂ ಗೊತ್ತಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ರಾತ್ರಿ ಹತ್ತಾದ ಮೇಲೆ ಸಬ್ಬನ್ನು ಪೂರ್ತಿ ಆಫ್ ಮಾಡುವ ಅಭ್ಯಾಸ ಮಾಡಿಕೊಂಡರೆ ನೆರೆಹೊರೆ ಉಳಿಯುತ್ತದೆ.

ವೈರು ಮತ್ತು ಎಚ್‌ಡಿಎಂಐ

ಸ್ಪೀಕರ್ ವೈರಿಗೆ ದುಬಾರಿ ಬ್ರ್ಯಾಂಡ್ ಬೇಕಿಲ್ಲ. ಒಳಗೆ ಶುದ್ಧ ತಾಮ್ರದ ಎಳೆಗಳಿರುವ 1.5 ಚದರ ಮಿಲಿಮೀಟರ್ ವೈರು ನಮ್ಮ ಹಾಲ್‌ಗೆ ಸಾಕು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದು ಬೇಡ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರ್‌ನಲ್ಲಿ ಇದು ಅದಲುಬದಲಾದರೆ ಏನೂ ಸುಡುವುದಿಲ್ಲ, ಆದರೆ ಬೇಸ್ ಮಾಯವಾಗಿ ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ. ಎಲ್ಲ ಎಳೆಯೂ ಒಳಗೆ ಹೋಗಿದೆಯಾ ನೋಡಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಆಂಪ್ಲಿಫೈಯರ್‌ಗೆ ಅಪಾಯ.

ಟೀವಿಯ ಹಿಂದೆ ಎಆರ್‌ಸಿ ಅಥವಾ ಇ-ಎಆರ್‌ಸಿ ಅಂತ ಬರೆದ ಒಂದು ಎಚ್‌ಡಿಎಂಐ ಪೋರ್ಟ್ ಇರುತ್ತದೆ. ಟೀವಿಯ ಶಬ್ದವನ್ನು ಹೊರಗೆ ಕಳಿಸುವ ದಾರಿ ಅದು. ಸೌಂಡ್‌ಬಾರ್ ಅಥವಾ ರಿಸೀವರ್‌ಗೆ ವೈರು ಹೋಗಬೇಕಾದ್ದು ಅದರಿಂದಲೇ. ಬೇರೆ ಪೋರ್ಟಿಗೆ ಹಾಕಿ ಶಬ್ದ ಬರುತ್ತಿಲ್ಲ ಅಂತ ಒದ್ದಾಡುವವರು ಬಹಳ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರ ಜೊತೆ, ಇ-ಎಆರ್‌ಸಿ 2017ರ 2.1ರ ಜೊತೆ. ಒಟಿಟಿ ಆಪ್‌ಗಳ ಅಟ್ಮಾಸ್‌ಗೆ ಹಳೆಯ ಎಆರ್‌ಸಿಯೂ ನಡೆಯುತ್ತದೆ. ಬ್ಲೂ-ರೇಯ ಭಾರೀ ಅಟ್ಮಾಸ್‌ಗೆ, ಕುಗ್ಗಿಸದ 5.1 ಶಬ್ದಕ್ಕೆ ಇ-ಎಆರ್‌ಸಿ ಬೇಕು. ಆಪ್ಟಿಕಲ್ ವೈರಿನಲ್ಲಿ 5.1 ಹೋಗುತ್ತದೆ, ಅಟ್ಮಾಸ್ ಹೋಗುವುದಿಲ್ಲ.

ಟೀವಿಯಲ್ಲಿ ಸಿಇಸಿ (ಒಂದೇ ರಿಮೋಟಿನಿಂದ ಎಲ್ಲ ನಡೆಸುವ ವ್ಯವಸ್ಥೆ) ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ಡಿಜಿಟಲ್ ಆಡಿಯೋ ಔಟ್‌ಪುಟ್‌ಗೆ ಹೋಗಿ ಪಿಸಿಎಂ (ಟೀವಿಯೇ ಬಿಡಿಸಿ ಕಳಿಸುವ, ಕುಗ್ಗಿಸದ ಶಬ್ದ) ಬದಲು ಆಟೋ ಅಥವಾ ಪಾಸ್‌ತ್ರೂ ಆರಿಸಿ. ಪಿಸಿಎಂ ಹಾಗೇ ಬಿಟ್ಟರೆ ಎಷ್ಟೋ ಟೀವಿಗಳು ಬರೀ ಸ್ಟೀರಿಯೋ ಕಳಿಸುತ್ತವೆ. ಹಿಂದಿನ ಸ್ಪೀಕರ್ ಸುಮ್ನೆ ಕೂತಿರುತ್ತದೆ.

ಸಿಸ್ಟಮ್ ಆನ್ ಮಾಡಿದ ಕೂಡಲೇ ಹಮ್ ಅಂತ ಸದ್ದು ಬಂದರೆ ಮೊದಲು ಕೇಬಲ್ ಟೀವಿಯ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ ನೋಡಿ. ಸದ್ದು ನಿಂತರೆ ತಪ್ಪು ಸಿಸ್ಟಮ್‌ನದಲ್ಲ, ಎರಡು ಕಡೆಯ ಅರ್ಥಿಂಗ್ ಸೇರಿ ಆದ ತೊಂದರೆ. ಆ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ, ಜೀವಕ್ಕೆ ಅಪಾಯ.

ಮೈಕ್ ಇಟ್ಟು ಅಳೆಯುವುದು

ರಿಸೀವರ್ ಜೊತೆ ಒಂದು ಚಿಕ್ಕ ಮೈಕ್ ಬರುತ್ತದೆ, ಅದರಿಂದ ರಿಸೀವರ್ ಪ್ರತಿ ಸ್ಪೀಕರ್‌ನ ದೂರ, ಜೋರು ಅಳೆದು ತಾನೇ ಹೊಂದಿಸಿಕೊಳ್ಳುತ್ತದೆ. ಕೆಲವು ಸೌಂಡ್‌ಬಾರ್‌ಗಳು ಫೋನಿನ ಆಪ್‌ನಿಂದ ಇದೇ ಕೆಲಸ ಮಾಡುತ್ತವೆ. ಮೈಕನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾದ ಬೆನ್ನಿನ ಮೇಲೂ ಇಡಬೇಡಿ. ಮೊಬೈಲ್ ಟ್ರೈಪಾಡ್ ಮೇಲೆ, ಕಿವಿಯ ಎತ್ತರಕ್ಕೆ. ಫ್ಯಾನು, ಎಸಿ ಆಫ್. ಕುಕ್ಕರ್ ಇಟ್ಟಿದ್ದರೆ ಸೀಟಿ ಮುಗಿಯುವವರೆಗೆ ಕಾಯಿರಿ. ರೈಲ್ವೆ ಲೈನ್ ಪಕ್ಕದ ಬಿಲ್ಡಿಂಗಾದರೆ ಮಧ್ಯಾಹ್ನ, ಲೋಕಲ್ ಕಡಿಮೆ ಇರುವ ಹೊತ್ತು ನೋಡಿ.

ಅಳತೆ ಮುಗಿದ ಮೇಲೆ ಮೆನುಗೆ ಹೋಗಿ ಎರಡು ವಿಷಯ ನೋಡಿ. ಸ್ಪೀಕರ್ ಸೈಜ್ 'ಲಾರ್ಜ್' ಅಂತ ಬಂದಿದ್ದರೆ 'ಸ್ಮಾಲ್' ಮಾಡಿ ಕ್ರಾಸ್‌ಓವರ್ 80 ಹರ್ಟ್ಜ್ ಇಡಿ, ಅಂದರೆ ಅದಕ್ಕಿಂತ ತಗ್ಗಿನ ಸ್ವರ ಸಬ್‌ಗೆ ಹೋಗುತ್ತದೆ. ಅಂಗೈಯಷ್ಟು ಚಿಕ್ಕ ಸ್ಪೀಕರ್ ಆದರೆ 120ರವರೆಗೂ ಹೋಗಬಹುದು. ಇನ್ನೊಂದು, ಸಬ್‌ನ ದೂರ ಟೇಪಿನ ಅಳತೆಗಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ. ಸಬ್‌ನೊಳಗಿನ ಸರ್ಕ್ಯೂಟ್ ತೆಗೆದುಕೊಳ್ಳುವ ಸಮಯವನ್ನು ಅದು ದೂರವಾಗಿ ಲೆಕ್ಕ ಹಾಕಿರುತ್ತದೆ.

ಸಿನಿಮಾಗೆ

ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಬೇಕಾದರೆ ಪ್ರೀಮಿಯಂ ಪ್ಲಾನ್ ಇರಬೇಕು. ಯಾವ ಆಪ್ ಆದರೂ ಆಡಿಯೋ ಪಟ್ಟಿ ತೆರೆದು ನೋಡಿ. ಕನ್ನಡ ಎರಡು ಸಲ ಕಂಡರೆ 5.1 ಅಂತ ಇರುವುದನ್ನು ಆರಿಸಿ. ಮಾತು ಕೇಳುತ್ತಿಲ್ಲ ಅಂತ ಪೂರ್ತಿ ವಾಲ್ಯೂಮ್ ಏರಿಸಬೇಡಿ, ನಡು ಸ್ಪೀಕರ್‌ನ ಮಟ್ಟವನ್ನು 2-3 ಡೆಸಿಬೆಲ್ ಏರಿಸಿ. ರಾತ್ರಿಗೆ ನೈಟ್ ಮೋಡ್ ಇದೆ. ಅದು ಜೋರನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುತ್ತದೆ. ಹಗಲು ಆಫ್ ಮಾಡಿ, ಇಲ್ಲವಾದರೆ ಸಿನಿಮಾ ಚಪ್ಪೆ.

ಗೇಮ್‌ಗೆ

ಇಲ್ಲಿ ಶತ್ರು ತಡ. 60 ಫ್ರೇಮ್‌ನ ಆಟದಲ್ಲಿ ಒಂದು ಫ್ರೇಮ್ ಬರೀ 16.7 ಮಿಲಿಸೆಕೆಂಡ್. ಸಾಮಾನ್ಯ ಬ್ಲೂಟೂತ್ ಸುಲಭವಾಗಿ 100ರಿಂದ 200 ಮಿಲಿಸೆಕೆಂಡ್ ತಡ ಮಾಡುತ್ತದೆ. ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಹಾಗಾಗಿ ವೈರೇ ಬೇಕು, ಟೀವಿ ಗೇಮ್ ಮೋಡ್‌ನಲ್ಲೇ ಇರಬೇಕು.

ಕನ್ಸೋಲನ್ನು ನೇರ ಟೀವಿಗೆ ಹಾಕಿ ಇ-ಎಆರ್‌ಸಿಯಿಂದ ಶಬ್ದ ವಾಪಸ್ ತರುವುದು ಒಳ್ಳೆಯದು. ಎಷ್ಟೋ ಸೌಂಡ್‌ಬಾರ್‌ಗಳ ಎಚ್‌ಡಿಎಂಐ ಇನ್‌ಪುಟ್ 4ಕೆ 120 ಹರ್ಟ್ಜ್ ಚಿತ್ರವನ್ನು ದಾಟಿಸುವುದಿಲ್ಲ. ಪಿಎಸ್5 ಇದ್ದರೆ ಸೌಂಡ್ ಸೆಟ್ಟಿಂಗ್‌ನಲ್ಲಿ ಸೌಂಡ್‌ಬಾರ್ ಅಥವಾ ಎವಿ ಆಂಪ್ಲಿಫೈಯರ್ ಅಂತ ಆರಿಸಿ. ಇ-ಎಆರ್‌ಸಿ ಇದ್ದವರಿಗೆ ಲೀನಿಯರ್ ಪಿಸಿಎಂ (ಕನ್ಸೋಲಿನ ಕುಗ್ಗಿಸದ ಶಬ್ದ), ಹಳೆಯ ಎಆರ್‌ಸಿ ಇದ್ದವರಿಗೆ ಡಾಲ್ಬಿ ಡಿಜಿಟಲ್ (ಕುಗ್ಗಿಸಿದ ಶಬ್ದ). ಅಟ್ಮಾಸ್ ಆಯ್ಕೆ 2023ರ ಸೆಪ್ಟೆಂಬರ್ ಅಪ್‌ಡೇಟಿನಲ್ಲಿ ಬಂದಿದೆ. ನಿಂಟೆಂಡೊ ಸ್ವಿಚ್ 5.1 ಶಬ್ದವನ್ನು ಲೀನಿಯರ್ ಪಿಸಿಎಂ ಆಗಿ ಮಾತ್ರ ಕೊಡುತ್ತದೆ. ಹಳೆಯ ಎಆರ್‌ಸಿಯಲ್ಲಿ ಅದು ಸ್ಟೀರಿಯೋ ಆಗಿ ಇಳಿಯುತ್ತದೆ, ರಿಸೀವರ್‌ಗೇ ನೇರ ಹಾಕಿದರೆ 5.1 ಸಿಗುತ್ತದೆ.

ಹಾಡಿಗೆ

ಹಾಡು ಕೇಳುವಾಗ ಸರೌಂಡ್ ಎಲ್ಲ ಬಂದ್. ರಿಮೋಟಿನಲ್ಲಿ ಸ್ಟೀರಿಯೋ ಅಥವಾ ಡೈರೆಕ್ಟ್ ಒತ್ತಿ. ಸಿ.ಡಿ.ಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಮಾಹಿತಿ ಇರುತ್ತದೆ. ಬ್ಲೂಟೂತ್‌ನ ಶಬ್ದ ಕುಗ್ಗಿಸುವ ಸಾಮಾನ್ಯ ವಿಧಾನ ಎಸ್‌ಬಿಸಿಯಲ್ಲಿ ಹೋಗುವುದು ಹೆಚ್ಚೆಂದರೆ 328ರ ಆಸುಪಾಸು. ವೈಫೈ ಮೂಲಕ ಕಾಸ್ಟ್ ಅಥವಾ ಏರ್‌ಪ್ಲೇ ಮಾಡಿದರೆ ಈ ಇಕ್ಕಟ್ಟಿಲ್ಲ. ನಡುವೆ ಫೋನ್ ಬಂದಾಗ ರಿಂಗ್‌ಟೋನ್ ಹಾಲ್ ತುಂಬ ಮೊಳಗುವುದೂ ತಪ್ಪುತ್ತದೆ.

ಸ್ಪೀಕರ್ ಸರಿಯಾಗಿ ಕೂತಿದೆಯಾ ಅಂತ ಪರೀಕ್ಷಿಸಲು ಹಳೆಯ ಕಪ್ಪುಬಿಳುಪು ಕಾಲದ ಚಿತ್ರಗೀತೆಗಿಂತ ಒಳ್ಳೆಯದಿಲ್ಲ. ಅವು ಮೋನೋ. ದನಿ ಎರಡೂ ಸ್ಪೀಕರ್ ಬಿಟ್ಟು ನಟ್ಟನಡುವೆ, ಟೀವಿಯ ಮಧ್ಯದಿಂದ ಬಂದ ಹಾಗೆ ಕೇಳಬೇಕು. ಒಂದು ಕಡೆ ವಾಲಿದರೆ ಸ್ಪೀಕರ್‌ನ ದೂರ ಮತ್ತೆ ಅಳೆಯಿರಿ. ಆಮೇಲೆ ಹಿಂದೂಸ್ತಾನಿ ಕಛೇರಿಯ ಒಂದು ಒಳ್ಳೆಯ ಸ್ಟೀರಿಯೋ ರೆಕಾರ್ಡಿಂಗ್. ಎರಡು ತಂಬೂರಿ ಎರಡು ಬದಿಗೆ ಬೇರೆಬೇರೆಯಾಗಿ ನಿಲ್ಲಬೇಕು. ತಬಲಾದ ಎಡಗೈಯ ಡಗ್ಗಾ ಜಾರಿದಾಗ ಆ ಜಾರು ಪೂರ್ತಿ ಕೇಳಬೇಕು, ಬರೀ ಧಪ್ ಅಂದರೆ ಸಬ್ ಜಾಸ್ತಿಯಾಗಿದೆ. ಚೆಂಡೆಯ ಪೆಟ್ಟು ಕಿವಿ ಕೊರೆದರೆ ಗೋಡೆ ಇನ್ನೂ ಬೋಳಾಗಿದೆ ಅಂತ ಅರ್ಥ.

ಮಳೆಗಾಲ ಮತ್ತು ಮನೆ ಬದಲಾವಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಇಳಿಯುವ ಗೋಡೆಯಿಂದ ಸ್ಪೀಕರನ್ನು ದೂರ ಇಡಿ. ಕಾಗದದ ಕೋನಿಗೆ ಬೂಷ್ಟು ಬರುತ್ತದೆ, ಫೋಮಿನ ಅಂಚು ಬೇಗ ಪುಡಿಯಾಗುತ್ತದೆ. ಕೊಳ್ಳುವಾಗಲೇ ರಬ್ಬರ್ ಅಂಚಿನದು ನೋಡಿ. ಸಿಸ್ಟಮ್ ದಿನಾ ಸ್ವಲ್ಪ ಹೊತ್ತಾದರೂ ನಡೆಯುತ್ತಿರಲಿ. ರಿಸೀವರ್ ಮೇಲೆ ನಾಲ್ಕಿಂಚು ಗಾಳಿ ಬಿಡಿ, ಕ್ರೋಶಾ ಬಟ್ಟೆ ಹೊದಿಸಬೇಡಿ. ಗುಡುಗು ಮಿಂಚು ಜೋರಾದಾಗ ಪ್ಲಗ್ ಜೊತೆ ಕೇಬಲ್ ಟೀವಿಯ ವೈರನ್ನೂ ಕಿತ್ತಿಡಿ.

11 ತಿಂಗಳ ಅಗ್ರಿಮೆಂಟಿನಲ್ಲಿ ಇರುವವರು ಗೋಡೆಗೆ ಡ್ರಿಲ್ ಮಾಡುವ ಬದಲು ಸ್ಟ್ಯಾಂಡ್ ತಗೊಳ್ಳಿ, ಡಿಪಾಸಿಟ್ ಪೂರ್ತಿ ವಾಪಸ್ ಬರುತ್ತದೆ. ಡಬ್ಬ, ಥರ್ಮಾಕೋಲ್ ಎಲ್ಲ ಲಾಫ್ಟಿಗೆ ಹಾಕಿ. ಟೆಂಪೋದಲ್ಲಿ ಸಾಗಿಸುವಾಗ ಅದರಷ್ಟು ಗಟ್ಟಿ ರಕ್ಷಣೆ ಬೇರೆ ಸಿಗುವುದಿಲ್ಲ. ಬಿಚ್ಚುವ ಮೊದಲು ಹಿಂದಿನ ವೈರುಗಳ ಒಂದು ಫೋಟೋ ತೆಗೆದುಕೊಳ್ಳಿ. ಹೊಸ ಮನೆಯಲ್ಲಿ ಹಳೆಯ ಅಳತೆ ಅಳಿಸಿ, ಸಬ್ಬನ್ನು ಮತ್ತೆ ಸೋಫಾ ಮೇಲೆ ಹತ್ತಿಸಿ, ಮೈಕ್ ಇಟ್ಟು ಮೊದಲಿಂದ ಶುರುಮಾಡಿ.